ಮಾಡಿದ ಕೆಲಸ, ಜೊತೆಗೆ ನಾಲ್ಕು ಮಾತು: ಇ-ಪೋರ್ಟ್‌ಫೋಲಿಯೊ ಕುರಿತ ತಪ್ಪು ಕಲ್ಪನೆಗಳು

ಕರ್ನಾಟಕದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ‘ಕೃತಿ ಸಂಪುಟ’ ಹೊಸದೇನಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ಮಗು ಬಿಡಿಸಿದ ಚಿತ್ರ, ಬರೆದ ಕಥೆ, ಬಿಡಿಸಿದ ಲೆಕ್ಕದ ಹಾಳೆಗಳನ್ನು ಒಂದು ಫೈಲಿನಲ್ಲಿ ಕೂಡಿಸಿಡುವ ರೂಢಿ ಬೆಳೆಯಿತು. ಅದೇ ಸಂಪುಟವನ್ನು ವೆಬ್‌ನಲ್ಲಿ ಕಟ್ಟಿದರೆ ಅದು ಇ-ಪೋರ್ಟ್‌ಫೋಲಿಯೊ. ಒಬ್ಬರು ತಾವು ಮಾಡಿದ ಕೆಲಸದಲ್ಲಿ ಕೆಲವನ್ನು ಆರಿಸಿ, ಅದನ್ನು ಹೇಗೆ ಮಾಡಿದೆ, ಏನು ಕಲಿತೆ ಎಂಬ ತಮ್ಮದೇ ಮಾತನ್ನು ಪಕ್ಕದಲ್ಲಿ ಬರೆದು, ಯಾರಿಗೆ ಎಷ್ಟು ಬೇಕೋ ಅಷ್ಟನ್ನು ತೋರಿಸಬಹುದಾದ ಪುಟಗಳು ಇವು. ಅಮೆರಿಕದ ಮಿನ್ನೆಸೋಟ ರಾಜ್ಯ 2000ರ ದಶಕದ ಆರಂಭದಲ್ಲೇ ವಿದ್ಯಾರ್ಥಿಗಳು, ಶಿಕ್ಷಕರು, ದುಡಿಯುವವರು ಎನ್ನದೆ ತನ್ನ ಎಲ್ಲ ನಿವಾಸಿಗಳಿಗೂ ಇಂಥದ್ದೊಂದು ಸೌಲಭ್ಯವನ್ನು ಉಚಿತವಾಗಿ ತೆರೆದಿಟ್ಟಿತ್ತು. 2006ರಲ್ಲಿ ನ್ಯೂಜಿಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಸೇರಿ ‘ಮಹಾರಾ’ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದವು. ಅದು ಇವತ್ತಿಗೂ ಹಲವು ದೇಶಗಳ ಕಾಲೇಜುಗಳಲ್ಲಿ ಬಳಕೆಯಲ್ಲಿದೆ.

ನಮ್ಮ ಕಾಲೇಜುಗಳೂ ಈಗ ವಿದ್ಯಾರ್ಥಿಗಳಿಂದ ಇ-ಪೋರ್ಟ್‌ಫೋಲಿಯೊ ಕೇಳತೊಡಗಿವೆ. ಇದು ಸಂತೋಷದ ಸಂಗತಿ. ಆದರೆ ಕೇಳುವವರಲ್ಲೂ ಮಾಡುವವರಲ್ಲೂ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳಿಂದಾಗಿ ಒಂದು ಒಳ್ಳೆಯ ಸಾಧನ ಇನ್ನೊಂದು ‘ರೆಕಾರ್ಡ್ ಬರೆಯುವ ಕೆಲಸ’ವಾಗಿ ಮುಗಿದುಹೋಗುವ ಅಪಾಯವಿದೆ.

ತಪ್ಪು ಕಲ್ಪನೆ: ಡಿಜಿಲಾಕರ್ ಇದೆಯಲ್ಲ, ಮತ್ತೆ ಇದೇಕೆ?

ವಾಸ್ತವ: ಡಿಜಿಲಾಕರ್ ಶುರುವಾದದ್ದು 2015ರ ಜುಲೈ 1ರಂದು. ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯ, ಸಾರಿಗೆ ಇಲಾಖೆಯಂಥವು ನೇರವಾಗಿ ಅಲ್ಲಿಗೆ ನೀಡಿದ ಅಂಕಪಟ್ಟಿ, ಪದವಿಪತ್ರ, ಚಾಲನಾ ಪರವಾನಗಿಗಳಿಗೆ ಕಾನೂನಿನಲ್ಲಿ ಕಾಗದದ ಮೂಲಪ್ರತಿಯಷ್ಟೇ ಬೆಲೆಯಿದೆ. 2021ರಲ್ಲಿ ಯುಜಿಸಿ ನಿಯಮಗಳ ಮೂಲಕ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುತ್ತವೆ. ಕೆಲಸಕ್ಕೆ ಸೇರುವಾಗ ಝೆರಾಕ್ಸ್ ಕಟ್ಟು ಹಿಡಿದು ಗೆಜೆಟೆಡ್ ಅಧಿಕಾರಿಯ ಸಹಿಗೆ ಅಲೆದವರಿಗೆ ಇವುಗಳ ಬೆಲೆ ಗೊತ್ತು.

ಆದರೆ ಅಲ್ಲಿ ಮಾತಾಡುವುದು ಸಂಸ್ಥೆ. ‘ಈಕೆ ರಸಾಯನಶಾಸ್ತ್ರದಲ್ಲಿ ಇಷ್ಟು ಅಂಕ ಪಡೆದಿದ್ದಾಳೆ’ ಎಂದು ಮಂಡಳಿ ದೃಢೀಕರಿಸುತ್ತದೆ. ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಆಕೆ ಅಳೆದದ್ದು, ಮೊದಲ ಸಲ ಬಂದ ಅಂಕಿ ನಂಬುವಂತಿಲ್ಲ ಅನ್ನಿಸಿ ಮತ್ತೆ ಮಾದರಿ ತಂದದ್ದು, ಆ ಅಂಕಿಯನ್ನು ಪಂಚಾಯ್ತಿಯವರಿಗೆ ಅರ್ಥವಾಗುವಂತೆ ಬರೆದುಕೊಟ್ಟದ್ದು ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಹೇಳಬೇಕಾದವಳು ಆಕೆಯೇ. ಪ್ರಮಾಣಪತ್ರ ಡಿಜಿಲಾಕರ್‌ನಲ್ಲೇ ಇರಲಿ. ಪೋರ್ಟ್‌ಫೋಲಿಯೊದಲ್ಲಿ ಅದರ ಪ್ರಸ್ತಾಪ ಒಂದು ಸಾಲಿನಲ್ಲಿ ಬಂದರೆ ಸಾಕು. ಪುಟಗಳ ಉಳಿದ ಜಾಗ ಆಕೆಯ ಕೆಲಸಕ್ಕೆ ಸೇರಿದ್ದು.

ತಪ್ಪು ಕಲ್ಪನೆ: ಇದೆಲ್ಲ ಚಿತ್ರ ಬರೆಯುವವರಿಗೆ, ಡಿಸೈನರ್‌ಗಳಿಗೆ, ಹೆಚ್ಚೆಂದರೆ ಸಾಫ್ಟ್‌ವೇರ್‌ನವರಿಗೆ.

ವಾಸ್ತವ: ಕಲಾಶಾಲೆಗೆ ಸೇರುವವರು ಚಿತ್ರಗಳ ಕಟ್ಟು ಹೊತ್ತುಕೊಂಡು ಸಂದರ್ಶನಕ್ಕೆ ಹೋಗುವುದು ಹಳೆಯ ಪದ್ಧತಿ. ಪೋರ್ಟ್‌ಫೋಲಿಯೊ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದೇ ಅಲ್ಲಿಂದ. ಹಾಗಾಗಿ ಈ ಕಲ್ಪನೆ ಸಹಜ. ಆದರೆ ಬ್ರಿಟನ್ನಿನ ನರ್ಸ್‌ಗಳನ್ನು ನೋಡಿ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋದವರು ಬಹಳ ಮಂದಿ ಇದ್ದಾರೆ. 2016ರ ಏಪ್ರಿಲ್‌ನಿಂದ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಪ್ರತಿ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಮುಖ್ಯವಾಗಿ ಕೇಳುವುದು ಇಷ್ಟು: 450 ಗಂಟೆ ಸೇವೆ, 35 ಗಂಟೆ ಮುಂದುವರಿದ ಕಲಿಕೆ, ರೋಗಿಗಳು ಅಥವಾ ಸಹೋದ್ಯೋಗಿಗಳು ಕೊಟ್ಟ ಐದು ಅಭಿಪ್ರಾಯಗಳು, ತನ್ನ ಕೆಲಸದ ಬಗ್ಗೆ ತಾನೇ ಯೋಚಿಸಿ ಬರೆದ ಐದು ಬರಹಗಳು, ಜೊತೆಗೆ ಆ ಬರಹಗಳ ಕುರಿತು ಇನ್ನೊಬ್ಬ ನೋಂದಾಯಿತ ನರ್ಸ್‌ ಜೊತೆ ಒಂದು ಮಾತುಕತೆ. ಇದನ್ನೆಲ್ಲ ಪೋರ್ಟ್‌ಫೋಲಿಯೊದಲ್ಲಿ ಇಟ್ಟುಕೊಳ್ಳಿ ಎಂಬುದು ಕೌನ್ಸಿಲ್‌ನ ಸಲಹೆ. ರಾತ್ರಿ ಪಾಳಿಯಲ್ಲಿ ಔಷಧಿಯ ಪ್ರಮಾಣ ತಪ್ಪುವುದರಲ್ಲಿತ್ತು, ಯಾಕೆ, ಅದಾದ ಮೇಲೆ ವಾರ್ಡಿನಲ್ಲಿ ಏನನ್ನು ಬದಲಿಸಿದೆವು ಎಂದು ಬರೆಯುವ ನರ್ಸ್ ಕಲಾವಿದೆಯಲ್ಲ, ಸಾಫ್ಟ್‌ವೇರ್ ಎಂಜಿನಿಯರೂ ಅಲ್ಲ.

ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುವುದು, ಕೈಯಲ್ಲಿ ಪ್ರಮಾಣಪತ್ರವೇ ಇಲ್ಲದ ಕುಶಲ ಕೆಲಸಗಾರರ ಪಾಡು. ನಮ್ಮ ಗಾರೆ ಕೆಲಸದವರು, ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಟೈಲರ್‌ಗಳಲ್ಲಿ ಹೆಚ್ಚಿನವರು ಕೆಲಸ ಕಲಿತದ್ದು ಮಾವನ ಜೊತೆ, ಮೇಸ್ತ್ರಿಯ ಕೈಕೆಳಗೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಂಥವರ ಪೂರ್ವಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶವಿದೆ. 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ಅಸಂಘಟಿತ ಕಾರ್ಮಿಕರಿಗೆ 12 ಅಂಕಿಯ ಗುರುತಿನ ಸಂಖ್ಯೆ ಕೊಟ್ಟಿತು. ಎರಡೂ ಬೇಕಾದವೇ. ಆದರೆ ಈತ ಯಾವ ಮಟ್ಟದ ಕೆಲಸಗಾರ ಎಂಬುದು ಆ ಸಂಖ್ಯೆಯಿಂದ ಯಾರಿಗೂ ತಿಳಿಯುವುದಿಲ್ಲ.

ಒಬ್ಬ ಎಲೆಕ್ಟ್ರಿಷಿಯನ್ ಫೋನಿನಲ್ಲಿ ಮೂರು ಫೋಟೊ ಹಾಕಿ, ಕೆಳಗೆ ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: ‘ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತು. ಗೀಸರ್ ಕಾಯಿಲ್ ಹೋಗಿದೆ ಎಂದು ಬಿಚ್ಚಿ ನೋಡಿದೆ, ಸರಿಯಿತ್ತು. ಆಮೇಲೆ ಜಂಕ್ಷನ್ ಬಾಕ್ಸ್ ತೆರೆದರೆ ನ್ಯೂಟ್ರಲ್ ವೈರಿನ ತುದಿ ಅರ್ಥ್ ವೈರಿಗೆ ತಾಗಿತ್ತು. ಬೇರ್ಪಡಿಸಿ ಕನೆಕ್ಟರ್ ಹಾಕಿದೆ. ಈಗ ಮೊದಲು ಜಂಕ್ಷನ್ ಬಾಕ್ಸ್ ನೋಡುತ್ತೇನೆ, ಆಮೇಲೆ ಗೀಸರ್.’ ಈ ಕೆಲಸ ಬಲ್ಲ ಗುತ್ತಿಗೆದಾರ ಇದನ್ನು ಓದಿದರೆ ಅರೆನಿಮಿಷದಲ್ಲಿ ಆಳನ್ನು ಅಳೆಯುತ್ತಾನೆ. ಬರೆಯಲು ಬಾರದಿದ್ದರೆ ಧ್ವನಿಯಲ್ಲೇ ಹೇಳಿ ಸೇರಿಸಬಹುದು. ಕಾಗದದ ಫೈಲಿಗೆ ಇಲ್ಲದ ಈ ಅನುಕೂಲ ವೆಬ್‌ಗೆ ಇದೆ. ದುಡಿಯುವವರ ವಿಷಯದಲ್ಲಿ ಇದೇ ಅದರ ದೊಡ್ಡ ಶಕ್ತಿ ಎಂದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಹೆಚ್ಚು ಹಾಕಿದಷ್ಟೂ ಒಳ್ಳೆಯದು.

ವಾಸ್ತವ: ಸೆಮಿನಾರ್‌ನಲ್ಲಿ ಕೂತ ಫೋಟೊ, ರಸಪ್ರಶ್ನೆ ಸ್ಪರ್ಧೆಯಲ್ಲಿ ಭಾಗವಹಿಸಿದ ಪತ್ರ, ಆನ್‌ಲೈನ್ ಕೋರ್ಸ್ ಮುಗಿಸಿದ್ದಕ್ಕೆ ಬಂದ ಹತ್ತಾರು ಪಿಡಿಎಫ್‌ಗಳು. ಇಷ್ಟನ್ನು ತುಂಬಿಸಿದ ಪುಟವನ್ನು ಯಾರೂ ಕೊನೆವರೆಗೆ ನೋಡುವುದಿಲ್ಲ. ನೋಡಿದರೂ ಈ ವ್ಯಕ್ತಿ ಎಲ್ಲೆಲ್ಲಿ ಹಾಜರಿದ್ದರು ಎಂದು ತಿಳಿಯುತ್ತದೆಯೇ ಹೊರತು ಏನು ಬಲ್ಲರು ಎಂದು ತಿಳಿಯುವುದಿಲ್ಲ.

ಬಿ.ಇಡಿ. ಪ್ರಶಿಕ್ಷಣಾರ್ಥಿಯೊಬ್ಬಳು ಬೋಧನಾಭ್ಯಾಸದ ಎಲ್ಲ ಪಾಠಯೋಜನೆಗಳನ್ನೂ ಸ್ಕ್ಯಾನ್ ಮಾಡಿ ಹಾಕುವ ಬದಲು ಒಂದೇ ಪಾಠವನ್ನು ಆರಿಸಿಕೊಂಡಳು ಅನ್ನಿ. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? ಮಕ್ಕಳು ನಾಲ್ಕನೇ ಒಂದು ಎನ್ನುತ್ತಾರೆ; ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಭಿನ್ನರಾಶಿ ಕಲಿಸಿದ ಪ್ರತಿಯೊಬ್ಬ ಶಿಕ್ಷಕರಿಗೂ ಪರಿಚಿತವಾದ ಉತ್ತರ ಇದು. ಆಕೆ ಮೊದಲ ದಿನ ಹಲಗೆಯ ಮೇಲೆ ವೃತ್ತ ಬರೆದು ವಿವರಿಸಿದಳು. ಮಕ್ಕಳು ತಲೆಯಾಡಿಸಿದರು, ಕಿರುಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು ಮಾಡಿದರು. ಎರಡನೇ ದಿನ ಎಲ್ಲರಿಗೂ ಒಂದೇ ಅಳತೆಯ ಕಾಗದದ ಪಟ್ಟಿ ಕೊಟ್ಟು ಮಡಿಸಲು ಹೇಳಿದಳು. ಪಾಲು ಹೆಚ್ಚಿದಂತೆ ತುಂಡು ಸಣ್ಣದಾಗುವುದನ್ನು ಮಕ್ಕಳ ಬೆರಳುಗಳೇ ಕಂಡುಕೊಂಡವು. ಎರಡೂ ದಿನದ ಮಕ್ಕಳ ಉತ್ತರಪತ್ರಿಕೆಗಳನ್ನು ಹೆಸರು ಮರೆಮಾಡಿ ಅಕ್ಕಪಕ್ಕ ಇಟ್ಟು, ನಡುವೆ ಅರ್ಧ ಪುಟ ಬರೆದರೆ, ಅದೊಂದೇ ಪುಟ ಉಳಿದ ಪಾಠಯೋಜನೆಗಳಷ್ಟೂ ಹೇಳದ ಮಾತನ್ನು ಹೇಳುತ್ತದೆ.

ಆ ಅರ್ಧ ಪುಟವೇ ಪೋರ್ಟ್‌ಫೋಲಿಯೊದ ಜೀವ. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಪುಸ್ತಕದಲ್ಲಿ ವಾಸ್ತುಶಿಲ್ಪಿಗಳು, ಮನೋವೈದ್ಯರು, ಎಂಜಿನಿಯರ್‌ಗಳು ಕೆಲಸ ಮಾಡುತ್ತಲೇ ಹೇಗೆ ಯೋಚಿಸುತ್ತಾರೆ, ಆ ಯೋಚನೆಯಿಂದ ಕೆಲಸ ಹೇಗೆ ತಿದ್ದಿಕೊಳ್ಳುತ್ತದೆ ಎಂಬುದನ್ನು ಬಿಡಿಸಿಟ್ಟರು. ಮುಂದೆ ಶಿಕ್ಷಕರ ಮತ್ತು ನರ್ಸ್‌ಗಳ ತರಬೇತಿಯಲ್ಲಿ ಇಂಥ ಬರವಣಿಗೆಗೆ ಜಾಗ ಸಿಕ್ಕಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲೂ 2019ರಿಂದ ಜಾರಿಯಾದ ಸಾಮರ್ಥ್ಯಾಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಲಾಗ್‌ಬುಕ್ ಕಡ್ಡಾಯ, ವೃತ್ತಿನೀತಿ ಮತ್ತು ರೋಗಿಯೊಡನೆ ಮಾತುಕತೆಯ ಭಾಗದಲ್ಲಿ ತನ್ನ ಅನುಭವದ ಬಗ್ಗೆ ಯೋಚಿಸಿ ಬರೆಯುವುದೂ ಇದೆ. ಎಷ್ಟು ಸಲ ರಕ್ತದ ಮಾದರಿ ತೆಗೆದೆ ಎಂಬ ಲೆಕ್ಕ ಲಾಗ್‌ಬುಕ್‌ನದು. ಸೂಜಿಗೆ ಹೆದರಿ ಅಳುವ ಮಗುವಿನ ಕೈಯಿಂದ ತೆಗೆಯುವಾಗ ಏನು ಕಲಿತೆ ಎಂಬುದು ಪೋರ್ಟ್‌ಫೋಲಿಯೊದ್ದು. ಈಗ ಎಐಗೆ ಹೇಳಿದರೆ ಆ ಅರ್ಧ ಪುಟವನ್ನು ಅದೂ ಬರೆದುಕೊಡುತ್ತದೆ. ಆದರೆ ಆ ತರಗತಿಯಲ್ಲಿ ಅದು ಇರಲಿಲ್ಲ. ಹಾಗೆ ಬರೆಸಿದ್ದು ಸಂದರ್ಶನದ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಪೋರ್ಟ್‌ಫೋಲಿಯೊ ಬಂದರೆ ಪರೀಕ್ಷೆಯೇ ಬೇಡ.

ವಾಸ್ತವ: ಪೋರ್ಟ್‌ಫೋಲಿಯೊವನ್ನು ಅಳತೆಗೋಲಾಗಿ ಒಂದು ಇಡೀ ರಾಜ್ಯ ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿ ನೋಡಿದೆ. ಅಮೆರಿಕದ ವರ್ಮಾಂಟ್ 1990ರ ದಶಕದ ಆರಂಭದಲ್ಲಿ ನಾಲ್ಕು ಮತ್ತು ಎಂಟನೇ ತರಗತಿಯ ಮಕ್ಕಳ ಗಣಿತ ಮತ್ತು ಬರವಣಿಗೆಯನ್ನು ಮುಖ್ಯವಾಗಿ ಕೃತಿ ಸಂಪುಟದ ಮೂಲಕ ಅಳೆಯಲು ಹೊರಟಿತು. ಆಗ ಅದು ಕಾಗದದ್ದೇ. ಡೇನಿಯಲ್ ಕೊರೆಟ್ಸ್ ಮತ್ತು ರ‍್ಯಾಂಡ್ ಸಂಸ್ಥೆಯ ಅವರ ತಂಡ ಈ ಪ್ರಯೋಗವನ್ನು ಅಧ್ಯಯನ ಮಾಡಿದಾಗ, ಒಂದೇ ಸಂಪುಟಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕಗಳು ಬಹಳ ಸಲ ಹೊಂದುತ್ತಿರಲಿಲ್ಲ. ಆ ಅಂಕಗಳನ್ನು ಹಿಡಿದು ಶಾಲೆ ಶಾಲೆಗಳನ್ನು ಹೋಲಿಸುವಂತಿರಲಿಲ್ಲ. ಶಿಕ್ಷಕರ ಮೇಲೆ ಬಿದ್ದ ಕೆಲಸದ ಹೊರೆಯೂ ಕಡಿಮೆಯಿರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಮುಖವನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಗಣಿತದಲ್ಲಿ ಸಮಸ್ಯೆ ಬಿಡಿಸುವುದಕ್ಕೆ, ಬಿಡಿಸಿದ ಬಗೆಯನ್ನು ಮಾತಿನಲ್ಲಿ ವಿವರಿಸುವುದಕ್ಕೆ ತಾವು ಹೆಚ್ಚು ಸಮಯ ಕೊಡತೊಡಗಿದೆವು ಎಂದು ವರ್ಮಾಂಟ್‌ನ ಶಿಕ್ಷಕರೇ ಹೇಳಿದ್ದರು. ಅಂದರೆ ಸಂಪುಟ ಅಳತೆಗೋಲಾಗಿ ಸೋತಿತು, ಕಲಿಸುವ ರೀತಿಯನ್ನು ಬದಲಿಸುವುದರಲ್ಲಿ ಗೆದ್ದಿತು. ನಮ್ಮಲ್ಲಿ ಇ-ಪೋರ್ಟ್‌ಫೋಲಿಯೊಗೆ ಹತ್ತೋ ಇಪ್ಪತ್ತೋ ಅಂಕ ನಿಗದಿ ಮಾಡಿ ಕೈತೊಳೆದುಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು. ಅಂಕ ಬಂತೆಂದರೆ ಮಕ್ಕಳು ಅಂಕಕ್ಕಾಗಿ ಬರೆಯುತ್ತಾರೆ. ಹಿಂದಿನ ಬ್ಯಾಚಿನ ರೆಕಾರ್ಡ್ ನಕಲಾಗುವ ಹಾಗೆ ಇದೂ ನಕಲಾಗುತ್ತದೆ.

ತಪ್ಪು ಕಲ್ಪನೆ: ಸೋಲನ್ನು, ತಪ್ಪನ್ನು ಬರೆದರೆ ನಮ್ಮ ಕುತ್ತಿಗೆಗೇ ಬರುತ್ತದೆ.

ವಾಸ್ತವ: ಈ ಭಯವನ್ನು ಹಗುರವಾಗಿ ಕಾಣಬಾರದು. ಇದು ಬ್ರಿಟನ್ನಿನ ಸಾವಿರಾರು ವೈದ್ಯರನ್ನು ಒಮ್ಮೆಗೇ ಹಿಡಿದ ಭಯ. ಅಲ್ಲಿ ತರಬೇತಿಯಲ್ಲಿರುವ ವೈದ್ಯರು ಇ-ಪೋರ್ಟ್‌ಫೋಲಿಯೊ ಇಡಲೇಬೇಕು. 2011ರಲ್ಲಿ ಲೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ಆರು ವರ್ಷದ ಬಾಲಕನೊಬ್ಬ ಮೃತಪಟ್ಟ ಪ್ರಕರಣದಲ್ಲಿ ಡಾ. ಹದೀಜಾ ಬಾವಾ-ಗಾರ್ಬಾ ಎಂಬ ಕಿರಿಯ ವೈದ್ಯೆ 2015ರಲ್ಲಿ ಶಿಕ್ಷೆಗೊಳಗಾದರು. 2018ರ ಜನವರಿಯಲ್ಲಿ ಹೈಕೋರ್ಟ್ ಅವರ ಹೆಸರನ್ನು ವೈದ್ಯರ ನೋಂದಣಿಯಿಂದ ಅಳಿಸಲು ಆದೇಶಿಸಿತು. ಆಕೆ ಪೋರ್ಟ್‌ಫೋಲಿಯೊದಲ್ಲಿ ಪ್ರಾಮಾಣಿಕವಾಗಿ ಬರೆದದ್ದನ್ನೇ ನ್ಯಾಯಾಲಯದಲ್ಲಿ ಆಕೆಯ ವಿರುದ್ಧ ಬಳಸಲಾಯಿತು ಎಂಬ ಸುದ್ದಿ ಆಗ ಕಾಡುಕಿಚ್ಚಿನಂತೆ ಹಬ್ಬಿತು. ಇನ್ನು ಮುಂದೆ ಏನೂ ಬರೆಯುವುದಿಲ್ಲ ಎಂದು ಎಷ್ಟೋ ವೈದ್ಯರು ಹೇಳಿದರು.

ನಡೆದದ್ದು ಬೇರೆ. ಇ-ಪೋರ್ಟ್‌ಫೋಲಿಯೊ ನ್ಯಾಯಾಲಯದ ಮುಂದಿಟ್ಟ ಸಾಕ್ಷ್ಯದ ಭಾಗವಾಗಿರಲಿಲ್ಲ ಎಂದು ಆಕೆಯ ಪರ ನಿಂತಿದ್ದ ಮೆಡಿಕಲ್ ಪ್ರೊಟೆಕ್ಷನ್ ಸೊಸೈಟಿಯೇ ಸ್ಪಷ್ಟಪಡಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೆಸರು ಅಳಿಸುವ ಆದೇಶವನ್ನು ರದ್ದುಪಡಿಸಿತು. ಅದಕ್ಕೂ ಮೊದಲು, ಜೂನ್‌ನಲ್ಲಿ, ಸರ್ಕಾರದ ಕೋರಿಕೆಯಂತೆ ಬಂದ ಸರ್ ನಾರ್ಮನ್ ವಿಲಿಯಮ್ಸ್ ಅವರ ಪರಿಶೀಲನಾ ವರದಿ, ವೈದ್ಯರ ವಿರುದ್ಧ ತನಿಖೆ ಮಾಡುವಾಗ ಇಂಥ ಆತ್ಮಾವಲೋಕನದ ಬರಹಗಳನ್ನು ಕೇಳಿ ಪಡೆಯುವ ಅಧಿಕಾರ ನಿಯಂತ್ರಣ ಸಂಸ್ಥೆಗೆ ಇರಬಾರದು ಎಂದು ಶಿಫಾರಸು ಮಾಡಿತು.

ಹಾಗೆಂದು ಪೋರ್ಟ್‌ಫೋಲಿಯೊದ ಬರಹಕ್ಕೆ ಕಾನೂನಿನ ಕವಚವಿದೆ ಎಂದು ತಿಳಿಯಬೇಡಿ. ನ್ಯಾಯಾಲಯ ಕೇಳಿದರೆ ಅಲ್ಲಿಯೂ ಕೊಡಲೇಬೇಕಾಗಬಹುದು. ಹಾಗಾಗಿ ಹೇಗೆ ಬರೆಯುತ್ತೇವೆ ಎಂಬುದು ಮುಖ್ಯ. ರೋಗಿಯ, ಮಗುವಿನ, ಗಿರಾಕಿಯ ಗುರುತು ಸಿಗುವ ಯಾವ ವಿವರವೂ ಬೇಡ. ಘಟನೆಯ ಸವಿಸ್ತಾರ ವರದಿಗೆ ಬೇರೆ ಜಾಗವಿದೆ. ಇಲ್ಲಿ ಬೇಕಾದದ್ದು ಕಲಿತದ್ದು ಮತ್ತು ಬದಲಿಸಿಕೊಂಡದ್ದು. ಮತ್ತು ಹೆಚ್ಚಿನ ಪುಟಗಳನ್ನು ಜಗತ್ತಿಗೆ ತೆರೆಯುವ ಅಗತ್ಯವೇ ಇಲ್ಲ. ಅಲಾಸ್ಕಾದಲ್ಲಿ ಶಿಕ್ಷಕರ ತರಬೇತಿ ಮಾಡುತ್ತಿದ್ದ ಹೆಲೆನ್ ಬ್ಯಾರೆಟ್ ಪೋರ್ಟ್‌ಫೋಲಿಯೊಗೆ ಎರಡು ಮುಖಗಳಿವೆ ಎಂದು ಬಹಳ ಹಿಂದೆಯೇ ಗುರುತಿಸಿದ್ದರು: ಒಂದು ಕೆಲಸ ನಡೆಯುವ ಜಾಗ, ಇನ್ನೊಂದು ತೋರಿಸುವ ಜಾಗ. ಬಡಗಿಯ ಮನೆಯಲ್ಲಿ ಹಿತ್ತಲ ಕೆಲಸದ ಕೊಟ್ಟಿಗೆಯಲ್ಲಿ ಮರದ ಹೊಟ್ಟು ಬಿದ್ದಿರುತ್ತದೆ, ಮುಂದಿನ ಜಗಲಿಯಲ್ಲಿ ಮುಗಿದ ಕುರ್ಚಿ ಇರುತ್ತದೆ. ಎರಡೂ ಇರಬೇಕಾದವೇ. ಗಿರಾಕಿಯನ್ನು ಎಲ್ಲಿ ಕೂರಿಸಬೇಕು ಎಂಬುದು ಮಾತ್ರ ಗೊತ್ತಿರಬೇಕು.

ತಪ್ಪು ಕಲ್ಪನೆ: ವೆಬ್‌ನಲ್ಲಿದೆ ಎಂದರೆ ಎಲ್ಲರಿಗೂ ಕಾಣಬೇಕು.

ವಾಸ್ತವ: ಬೇಕಿಲ್ಲ. ಮಹಾರಾದಂಥ ವ್ಯವಸ್ಥೆಗಳಲ್ಲಿ ಪ್ರತಿ ಪುಟಕ್ಕೂ ಯಾರು, ಎಷ್ಟು ದಿನ ನೋಡಬಹುದು ಎಂದು ಬೇರೆಬೇರೆಯಾಗಿ ನಿಗದಿ ಮಾಡಬಹುದು. ಶಿಕ್ಷಕರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ತರಗತಿಯ ವಿಡಿಯೊದಲ್ಲಿ ಇರುವ ಮುಖಗಳು ಮಕ್ಕಳವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ಆಶಯ. ಮಕ್ಕಳ ಮುಖ ತೋರಿಸದೆ ಅವರ ಕೈ, ಹಾಳೆ, ಮಾಡಿದ ಮಾದರಿಯನ್ನಷ್ಟೇ ತೋರಿಸಿದರೂ ಪಾಠ ಹೇಗೆ ನಡೆಯಿತೆಂದು ನೋಡುವವರಿಗೆ ಅರ್ಥವಾಗುತ್ತದೆ.

ತಪ್ಪು ಕಲ್ಪನೆ: ಒಮ್ಮೆ ಆನ್‌ಲೈನ್‌ಗೆ ಹಾಕಿದರೆ ಶಾಶ್ವತ.

ವಾಸ್ತವ: ಲಕ್ಷಾಂತರ ಜನರ ಪುಟಗಳಿದ್ದ ಜಿಯೊಸಿಟೀಸ್ ಅನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ನಮ್ಮವರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಅಷ್ಟು ದೂರ ಹೋಗುವುದೂ ಬೇಡ. ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಿ ಕಟ್ಟಿದ ಪೋರ್ಟ್‌ಫೋಲಿಯೊ, ಪದವಿ ಮುಗಿದು ಆ ಖಾತೆ ಮುಚ್ಚಿದ ದಿನವೇ ಹೋಗುತ್ತದೆ. ಕೆಲಸಕ್ಕೆ ಅರ್ಜಿ ಹಾಕಲು ಅದು ನಿಜವಾಗಿ ಬೇಕಾಗುವುದೇ ಆಗ.

ಆದ್ದರಿಂದ ಯಾವ ವ್ಯವಸ್ಥೆ ಆರಿಸಿದರೂ ಮೊದಲು ಕೇಳಬೇಕಾದ ಪ್ರಶ್ನೆ, ಇದರಿಂದ ನನ್ನದನ್ನೆಲ್ಲ ಹೊರತೆಗೆದುಕೊಂಡು ಹೋಗಬಹುದೇ ಎಂಬುದು. ಮಹಾರಾದಲ್ಲಿ ಸಾಮಾನ್ಯ ಬ್ರೌಸರ್‌ನಲ್ಲಿ ತೆರೆಯುವ ಎಚ್‌ಟಿಎಂಎಲ್ ಪುಟಗಳಾಗಿ ಇಡೀ ಸಂಪುಟವನ್ನು ಇಳಿಸಿಕೊಳ್ಳಬಹುದು. ಆ ಸೌಲಭ್ಯ ಇಲ್ಲದ ಕಡೆ ಪ್ರತಿ ಸೆಮಿಸ್ಟರ್ ಕೊನೆಗೆ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಲಾಗಿನ್‌ಗೆ ಸ್ವಂತ ಇಮೇಲ್ ಬಳಸಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಬೆರಳಚ್ಚು ಮಾಡಿದ ಪಾಠಯೋಜನೆ, ಕ್ರಿಯಾ ಸಂಶೋಧನೆಯ ವರದಿಗಳು ನಿಮ್ಮ ಬಳಿ ಇದ್ದರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ಎಷ್ಟೋ ಶಿಕ್ಷಕರ ಅತ್ಯುತ್ತಮ ಬರಹ ಇಂದಿಗೂ ಆ ಹಳೆಯ ಫೈಲುಗಳಲ್ಲಿ ಸಿಕ್ಕಿಕೊಂಡಿದೆ ಎಂಬುದು ನನಗೆ ನೋವಿನ ವಿಷಯ.

ತಪ್ಪು ಕಲ್ಪನೆ: ಇಂಗ್ಲಿಷ್‌ನಲ್ಲಿ ಇಲ್ಲದಿದ್ದರೆ ಯಾರೂ ಓದುವುದಿಲ್ಲ.

ವಾಸ್ತವ: ಯಾರು ಓದಬೇಕು ಎಂಬುದರ ಮೇಲೆ ಅದು ನಿಂತಿದೆ. ಬೆಂಗಳೂರಿನ ಕಂಪನಿಗೆ ಕಳಿಸುವ ಪುಟ ಇಂಗ್ಲಿಷ್‌ನಲ್ಲಿರಲಿ. ಆದರೆ ಕೆಲಸದ ಬಗ್ಗೆ ಯೋಚಿಸಿ ಬರೆಯುವ ಪುಟ, ಯಾವ ಭಾಷೆಯಲ್ಲಿ ಯೋಚನೆ ಓಡುತ್ತದೋ ಅದರಲ್ಲೇ ಇರಬೇಕು. ಬಾರದ ಇಂಗ್ಲಿಷ್‌ನಲ್ಲಿ ಬರೆಯಲು ಹೊರಟ ವಿದ್ಯಾರ್ಥಿ ತನಗೆ ಅನ್ನಿಸಿದ್ದನ್ನು ಬಿಟ್ಟು, ತನಗೆ ಗೊತ್ತಿರುವ ನಾಲ್ಕು ಇಂಗ್ಲಿಷ್ ವಾಕ್ಯಗಳಿಗೆ ಹೊಂದುವುದನ್ನಷ್ಟೇ ಬರೆಯುತ್ತಾನೆ.

ತಪ್ಪು ಕಲ್ಪನೆ: ಮಾಡುವುದು ವಿದ್ಯಾರ್ಥಿಯ ಕೆಲಸ, ಮಾಡಿದರೆ ಮುಗಿಯಿತು.

ವಾಸ್ತವ: ಅಮೆರಿಕದ ಕಾಲೇಜುಗಳ ಸಂಘವಾದ ಎಎಸಿ ಆ್ಯಂಡ್ ಯು, ಕಲಿಕೆಯ ಮೇಲೆ ಗಾಢ ಪರಿಣಾಮ ಬೀರುವ ಪದ್ಧತಿಗಳ ಪಟ್ಟಿಗೆ 2016ರಲ್ಲಿ ಇ-ಪೋರ್ಟ್‌ಫೋಲಿಯೊವನ್ನು ಹನ್ನೊಂದನೆಯದಾಗಿ ಸೇರಿಸಿತು. ಆದರೆ ಆ ಪರಿಣಾಮ ತಂತ್ರಾಂಶದಿಂದ ತಾನಾಗಿ ಬರುವುದಿಲ್ಲ. ಹೊಸದಾಗಿ ವಲಸೆ ಬಂದ ಕುಟುಂಬಗಳ ಮಕ್ಕಳೇ ಹೆಚ್ಚಾಗಿ ಓದುವ ನ್ಯೂಯಾರ್ಕಿನ ಲಾಗ್ವಾರ್ಡಿಯಾ ಕಮ್ಯುನಿಟಿ ಕಾಲೇಜು ಈ ಕ್ಷೇತ್ರದಲ್ಲಿ ಹೆಸರಾದದ್ದು, ಪೋರ್ಟ್‌ಫೋಲಿಯೊವನ್ನು ತರಗತಿಯ ಪಾಠದೊಳಗೇ ಹೆಣೆದು, ಅದಕ್ಕಾಗಿ ಅಧ್ಯಾಪಕರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟದ್ದರಿಂದ.

ನಮ್ಮಲ್ಲಿ ಅನೇಕ ಕಡೆ ಪೋರ್ಟ್‌ಫೋಲಿಯೊ ಎಚ್ಚರವಾಗುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಪರಿಶೀಲನೆ ನಡೆಯುವ ತಿಂಗಳಲ್ಲಿ. ಆಗ ಎಲ್ಲರೂ ಕೂತು ತುಂಬಿಸುತ್ತಾರೆ, ಪರಿಶೀಲನೆ ಮುಗಿದ ಮೇಲೆ ಯಾರೂ ತೆರೆಯುವುದಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಅಧ್ಯಾಪಕರು ಎಲ್ಲವನ್ನೂ ಓದಲಾರರು ಎಂಬುದು ನಿಜ. ಅದಕ್ಕೆ ದಾರಿಯಿದೆ. ವಾರಕ್ಕೊಂದು ಪಿರಿಯಡ್ ಅದಕ್ಕೇ ಮೀಸಲಿಡಿ. ಇಬ್ಬಿಬ್ಬರು ವಿದ್ಯಾರ್ಥಿಗಳು ಒಬ್ಬರ ಪುಟವನ್ನು ಇನ್ನೊಬ್ಬರು ಓದಿ ಒಂದು ಪ್ರಶ್ನೆ ಬರೆಯಲಿ. ಹೊಗಳಿಕೆ ಬೇಡ, ಪ್ರಶ್ನೆ. ಬರೆದವರು ಮುಂದಿನ ವಾರ ಅದಕ್ಕೆ ಉತ್ತರಿಸಲಿ. ಅಧ್ಯಾಪಕರು ವಾರಕ್ಕೆ ಆರು ಪುಟ ಓದಿದರೂ ಹತ್ತು ವಾರದಲ್ಲಿ ಇಡೀ ತರಗತಿಯನ್ನು ಒಂದು ಸುತ್ತು ಓದಿದಂತಾಗುತ್ತದೆ, ಒಂದೇ ಸೆಮಿಸ್ಟರ್‌ನೊಳಗೆ.